ಗಾಯಾಳು ಬರುವ ಮೊದಲೇ

ಬೀದರ್ ನಗರದಲ್ಲಿ ಇರುವವರಿಗೆ ತಲೆಯ ಮೇಲೆ ಹಾರುವ ವಿಮಾನಗಳ ಸದ್ದು ಹೊಸದಲ್ಲ. ಇಲ್ಲಿಯ ವಾಯುಪಡೆ ನೆಲೆಯಲ್ಲಿ ಯುದ್ಧವಿಮಾನದ ಪೈಲಟ್‌ಗಳು ತಯಾರಾಗುತ್ತಾರೆ. 2008ರಲ್ಲಿ ಹಾಕ್ ತರಬೇತಿ ವಿಮಾನಗಳು ವಾಯುಪಡೆಗೆ ಸೇರಿದ್ದು ಈ ನೆಲೆಯಲ್ಲಿಯೇ. ಆ ತರುಣರು ಆಕಾಶಕ್ಕೆ ಏರುವುದಕ್ಕೆ ಮುಂಚೆ ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ ಕೂತು, ಎಂಜಿನ್ ನಿಂತುಹೋದರೆ ಏನು ಮಾಡಬೇಕು, ಬೆಂಕಿ ಹತ್ತಿದರೆ ಯಾವ ಗುಂಡಿ ಒತ್ತಬೇಕು, ಯಾರಿಗೆ ಏನು ಹೇಳಬೇಕು ಎಂಬುದನ್ನು ಮತ್ತೆ ಮತ್ತೆ ಮಾಡಿ ನೋಡುತ್ತಾರೆ. ಅಲ್ಲಿ ತಪ್ಪಿದರೆ ಯಾರ ಜೀವವೂ ಹೋಗುವುದಿಲ್ಲ. ತಪ್ಪಿದ್ದನ್ನು ತಿದ್ದಿಕೊಂಡು ಮರುದಿನ ಮತ್ತೆ ಕೂರುತ್ತಾರೆ.

ಇನ್ನು ಇದೇ ಜಿಲ್ಲೆಯ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ಕೊಠಡಿಯನ್ನು ನೆನೆಸಿಕೊಳ್ಳಿ. ರಾತ್ರಿ ಹನ್ನೊಂದು ಗಂಟೆ. ರಸ್ತೆ ಅಪಘಾತದಲ್ಲಿ ಜಖಂ ಆದ ಒಬ್ಬರನ್ನು ಸ್ಟ್ರೆಚರಿನಲ್ಲಿ ಒಳಗೆ ತರುತ್ತಾರೆ. ಸುತ್ತ ಐದಾರು ಜನ ನಿಲ್ಲುತ್ತಾರೆ: ಡ್ಯೂಟಿ ಡಾಕ್ಟರು, ಇಬ್ಬರು ನರ್ಸುಗಳು, ವಾರ್ಡ್ ಬಾಯ್, ಆಂಬುಲೆನ್ಸ್ ಜೊತೆ ಬಂದ ಸಿಬ್ಬಂದಿ, ಫೋನ್ ಮಾಡಿ ಕರೆಸಿದ ಅರಿವಳಿಕೆ ವೈದ್ಯರು. ಒಬ್ಬೊಬ್ಬರಿಗೂ ಅವರವರ ಕೆಲಸ ಗೊತ್ತು. ಆದರೆ ಈ ಆರು ಜನ ಸೇರಿ, ಒಂದೇ ಒಂದು ಸಲವಾದರೂ, ಇಂಥ ಗಾಯಾಳು ಬಂದರೆ ಹೇಗೆ ಎಂದು ಮೊದಲೇ ಮಾಡಿ ನೋಡಿದ್ದಾರೆಯೆ? ನಾನು ಕಂಡ ಮಟ್ಟಿಗೆ, ಸಣ್ಣ ಆಸ್ಪತ್ರೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಇಲ್ಲ ಎಂದೇ. ನಾನೂ ಅರಿವಳಿಕೆ ವೈದ್ಯನೇ. ನಮ್ಮ ಕಸುಬಿನವರು ಇಂಥ ತಾಲೀಮನ್ನು ಜಗತ್ತಿಗೆ ಕಲಿಸಿದವರು. ಅದು ನಮ್ಮ ಔರಾದ್‌ಗೆ, ಭಾಲ್ಕಿಗೆ, ಬೀದರ್‌ಗೆ ಏಕೆ ಬೇಕು, ಹೇಗೆ ಸಾಧ್ಯ ಎಂದು ಇವತ್ತು ನಿಮ್ಮ ಮುಂದೆ ಹೇಳಬೇಕಾಗಿದೆ.

ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳು ಹೇಗಿರುತ್ತವೆ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರು, ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯೂ ಇಲ್ಲ. ಡಾಬಕಾ ಕಡೆಯ ಒಬ್ಬ ತರುಣ ಬೈಕಿನಲ್ಲಿ ಮನೆಗೆ ಹೊರಟು ಕತ್ತಲಲ್ಲಿ ಅಂಥ ಟ್ರಾಲಿಗೆ ಹಿಂದಿನಿಂದ ಗುದ್ದಿದ ಎಂದುಕೊಳ್ಳಿ. ತೊಡೆಯ ಮೂಳೆ ಮುರಿದಿದೆ, ದವಡೆ ಒಡೆದು ಬಾಯಿ ತುಂಬ ರಕ್ತ, ಅರೆಪ್ರಜ್ಞೆ. ಜನ ಕೂಡುತ್ತಾರೆ, 108ಕ್ಕೆ ಫೋನ್ ಹೋಗುತ್ತದೆ. 2008ರ ನವೆಂಬರ್‌ನಲ್ಲಿ ಶುರುವಾದ ಆರೋಗ್ಯ ಕವಚ ಆಂಬುಲೆನ್ಸ್ ಬರುತ್ತದೆ. ಎಲ್ಲಿಗೆ ಹೋಗುವುದು? ಔರಾದ್‌ಗೋ, ಗಡಿ ದಾಟಿ ಮಹಾರಾಷ್ಟ್ರದ ಉದಗೀರ್‌ಗೋ, ನೇರ ಬೀದರ್‌ಗೋ? ಔರಾದ್‌ನಿಂದ ಬೀದರ್ ಸುಮಾರು 40 ಕಿಲೋಮೀಟರ್, ಭಾಲ್ಕಿಯಿಂದಲೂ ಹೆಚ್ಚು ಕಡಿಮೆ ಅಷ್ಟೇ. ಬೀದರ್‌ನಿಂದ ಹೈದರಾಬಾದ್ ಮತ್ತೆ 140 ಕಿಲೋಮೀಟರ್ ಹತ್ತಿರ. ಆ ಹುಡುಗನ ಬಳಿ ಇರುವ ಹೊತ್ತು ಇಷ್ಟು ದೂರಕ್ಕೆ ಸಾಲುವುದಿಲ್ಲ. ದಾರಿಯಲ್ಲಿ ಸಿಗುವ ಮೊದಲ ಆಸ್ಪತ್ರೆಯಲ್ಲಿ ಅವನ ಉಸಿರು ಮತ್ತು ರಕ್ತದೊತ್ತಡವನ್ನು ಹಿಡಿದು ನಿಲ್ಲಿಸಿದರೆ ಮಾತ್ರ ಮುಂದಿನ ಆಸ್ಪತ್ರೆ ಉಪಯೋಗಕ್ಕೆ ಬರುತ್ತದೆ.

ಪ್ರಜ್ಞೆ ಇಲ್ಲದೆ ಅಂಗಾತ ಮಲಗಿದವರ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ಬಾಯಲ್ಲಿ ರಕ್ತ ಇದ್ದರೆ ಅದೂ ಶ್ವಾಸನಾಳಕ್ಕೆ ಇಳಿಯುತ್ತದೆ. ಆಮ್ಲಜನಕ ಇಲ್ಲದೆ ಮಿದುಳು ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ತಾಳದು. ದೊಡ್ಡವರ ಮೈಯಲ್ಲಿ ಇರುವುದು ಐದು ಲೀಟರಿನಷ್ಟು ರಕ್ತ. ತೊಡೆಯ ಮೂಳೆ ಮುರಿದಾಗ ಹೊರಗೆ ಒಂದು ಹನಿಯೂ ಕಾಣದೆ ಒಂದೂವರೆ ಲೀಟರ್ ತೊಡೆಯೊಳಗೇ ಸೋರಿಹೋಗಬಹುದು. ಪಕ್ಕೆಲುಬು ಮುರಿದು ಶ್ವಾಸಕೋಶ ಚುಚ್ಚಿದರೆ ಎದೆಯಲ್ಲಿ ಗಾಳಿ ತುಂಬಿ ಹೃದಯವನ್ನೇ ಅದುಮುತ್ತದೆ. ಅದಕ್ಕೆ ಪರಿಹಾರ ಒಂದು ದಪ್ಪ ಸೂಜಿ, ಆದರೆ ಅದನ್ನು ಆ ಕ್ಷಣದಲ್ಲಿ ಗುರುತಿಸಿ ಚುಚ್ಚುವವರು ಬೇಕು.

ಅರಿವಳಿಕೆ ವೈದ್ಯರೆಂದರೆ ಆಪರೇಷನ್ನಿಗೆ ಮುಂಚೆ ಇಂಜೆಕ್ಷನ್ ಕೊಟ್ಟು ಮಲಗಿಸುವವರು ಎಂದು ನಮ್ಮ ಜನ ತಿಳಿದಿದ್ದಾರೆ. ತಪ್ಪಲ್ಲ, ಆದರೆ ಅದು ಅರ್ಧ ಮಾತ್ರ. ಉಸಿರಾಟ, ರಕ್ತದೊತ್ತಡ, ಹೃದಯದ ಬಡಿತ ಈ ಮೂರನ್ನು ಕೈಯಲ್ಲಿ ಹಿಡಿದು ನಡೆಸುವುದು ನಮ್ಮ ನಿತ್ಯದ ಕೆಲಸ. ಹಾಗಾಗಿ ಗಾಯಾಳು ಬಂದಾಗ ಅರಿವಳಿಕೆ ವೈದ್ಯ ನಿಲ್ಲುವ ಜಾಗ ತಲೆಯ ಬಳಿ. ಕುತ್ತಿಗೆಯ ಮೂಳೆ ಮುರಿದಿರಬಹುದು, ಆದ್ದರಿಂದ ಒಬ್ಬರು ತಲೆಯನ್ನು ಎರಡೂ ಕೈಯಿಂದ ಅಲುಗದಂತೆ ಹಿಡಿಯಬೇಕು. ಹೊಟ್ಟೆ ತುಂಬ ಊಟ ಇರಬಹುದು, ಕೊಳವೆ ಇಳಿಸುವಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಕಷ್ಟ. ಆರೋಗ್ಯವಂತನಿಗೆ ಕೊಡುವ ಪ್ರಮಾಣದಲ್ಲಿ ಮಂಪರಿನ ಔಷಧ ಕೊಟ್ಟರೆ ರಕ್ತ ಕಳೆದುಕೊಂಡವನ ರಕ್ತದೊತ್ತಡ ಕುಸಿದು ಅಲ್ಲೇ ಹೃದಯ ನಿಲ್ಲಬಹುದು. ಅದಕ್ಕೆ ನಾವು ಕೆಟಮಿನ್‌ನಂಥ ಔಷಧವನ್ನು, ಅದನ್ನೂ ಪ್ರಮಾಣ ತಗ್ಗಿಸಿ, ಕೊಡುತ್ತೇವೆ. ಕೊಳವೆ ಒಳಗೆ ಹೋಗದಿದ್ದರೆ ಎರಡನೆಯ ದಾರಿ ಯಾವುದು, ಅದೂ ಆಗದಿದ್ದರೆ ಕುತ್ತಿಗೆಯಲ್ಲಿ ರಂಧ್ರ ಮಾಡುವವರು ಯಾರು, ಇದೆಲ್ಲ ಔಷಧ ಕೊಡುವ ಮೊದಲೇ ತೀರ್ಮಾನವಾಗಿರಬೇಕು. ಅದನ್ನು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿರಬೇಕು.

ಗಟ್ಟಿಯಾಗಿ ಹೇಳುವುದು ಎಂದೆ. ಇಡೀ ವಿಷಯದ ತಿರುಳು ಅಲ್ಲಿದೆ ಎಂದು ನಾನು ನಂಬಿದ್ದೇನೆ. ಇಂಗ್ಲೆಂಡಿನಲ್ಲಿ 2005ರ ಮಾರ್ಚ್ 29ರಂದು ಎಲೇನ್ ಬ್ರೋಮಿಲಿ ಎಂಬ 37 ವರ್ಷದ ಹೆಣ್ಣುಮಗಳು ಮೂಗಿನ ಸೈನಸ್‌ಗೆ ಸಂಬಂಧಿಸಿದ ಸಾಮಾನ್ಯ ಆಪರೇಷನ್ನಿಗೆ ದಾಖಲಾದರು. ಅಪಘಾತವಲ್ಲ, ರಕ್ತಸ್ರಾವವಲ್ಲ, ಮೊದಲೇ ದಿನ ಗೊತ್ತುಮಾಡಿಕೊಂಡ ಚಿಕಿತ್ಸೆ. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಮುಚ್ಚಿಕೊಂಡಿತು. ಕೊಳವೆ ಇಳಿಯಲಿಲ್ಲ, ಮಾಸ್ಕಿನಿಂದಲೂ ಗಾಳಿ ಹೋಗಲಿಲ್ಲ. ಅನುಭವಿ ವೈದ್ಯರು ಕೊಳವೆ ಇಳಿಸಲು ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇದ್ದರು. ಕೋಣೆಯಲ್ಲಿದ್ದ ನರ್ಸುಗಳಿಗೆ ಅಪಾಯ ಅರ್ಥವಾಗಿತ್ತು. ಒಬ್ಬರು ಕುತ್ತಿಗೆಯಲ್ಲಿ ರಂಧ್ರ ಮಾಡುವ ಸಾಮಗ್ರಿ ತಂದಿಟ್ಟರು, ಇನ್ನೊಬ್ಬರು ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಕಾದಿರಿಸಿದರು. ಆದರೆ ಅದು ವೈದ್ಯರ ಗಮನಕ್ಕೆ ಇಳಿಯಲಿಲ್ಲ. ನರ್ಸುಗಳಿಗೆ ಇನ್ನೂ ಗಟ್ಟಿಯಾಗಿ ಹೇಳುವ ದಾರಿ ತಿಳಿಯಲಿಲ್ಲ. ಎಲೇನ್ 13 ದಿನಗಳ ನಂತರ ತೀರಿಕೊಂಡರು.

ಅವರ ಗಂಡ ಮಾರ್ಟಿನ್ ಬ್ರೋಮಿಲಿ ವೃತ್ತಿಯಿಂದ ವಿಮಾನದ ಪೈಲಟ್. ಅವರು ವೈದ್ಯರಿಗೆ ಶಿಕ್ಷೆ ಕೊಡಿಸಲು ಹೊರಡಲಿಲ್ಲ. ವಿಮಾನ ಬಿದ್ದಾಗ ನಡೆಯುವಂಥ ತನಿಖೆ ನಡೆಯಲಿ, ಏನಾಯಿತು ಎಂಬುದು ಎಲ್ಲ ಆಸ್ಪತ್ರೆಗಳಿಗೂ ತಿಳಿಯಲಿ ಎಂದು ಕೇಳಿದರು. 2007ರಲ್ಲಿ ಇದೇ ಕೆಲಸಕ್ಕೆಂದು ಒಂದು ಸಂಘಟನೆ ಕಟ್ಟಿದರು. ಇವತ್ತು ಜಗತ್ತಿನ ಅನೇಕ ಅರಿವಳಿಕೆ ವಿಭಾಗಗಳಲ್ಲಿ ಎಲೇನ್ ಅವರ ಸಾವು ಒಂದು ಪಾಠವಾಗಿದೆ. ಆ ಗಂಡನ ನಡತೆಗೆ ನಾನು ತಲೆಬಾಗುತ್ತೇನೆ. ಹೆಂಡತಿಯನ್ನು ಕಳೆದುಕೊಂಡವರು ಕೋಪವನ್ನು ಬದಿಗಿಟ್ಟು ಕಲಿಕೆಯನ್ನು ಕೇಳಿದರು.

ವಿಮಾನದವರು ಈ ಪಾಠವನ್ನು ಅದಕ್ಕೂ ಮುಂಚೆ ಭಾರೀ ಬೆಲೆ ಕೊಟ್ಟು ಕಲಿತಿದ್ದರು. 1977ರಲ್ಲಿ ಟೆನೆರಿಫ್ ದ್ವೀಪದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ರನ್‌ವೇ ಖಾಲಿಯಾಗಿದೆಯೋ ಇಲ್ಲವೋ ಎಂಬ ಅನುಮಾನ ಕ್ಯಾಪ್ಟನ್ ಜೊತೆ ಕೂತಿದ್ದ ಕಿರಿಯರಿಗೆ ಇತ್ತು. ಕೇಳಿಯೂ ನೋಡಿದರು, ಆದರೆ ಒತ್ತಾಯಿಸಿ ನಿಲ್ಲಿಸಲಿಲ್ಲ. ಅಂಥ ಅಪಘಾತಗಳ ನಂತರ, ಕಿರಿಯರು ಹಿರಿಯರನ್ನು ತಡೆಯುವುದನ್ನೂ ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನೂ ಪೈಲಟ್‌ಗಳಿಗೆ ಕಲಿಸತೊಡಗಿದರು. 1980ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡೇವಿಡ್ ಗಾಬಾ ಎಂಬ ಅರಿವಳಿಕೆ ವೈದ್ಯರು ಅದನ್ನು ಆಪರೇಷನ್ ಥಿಯೇಟರಿಗೆ ತಂದರು. ಗೊಂಬೆಗೆ ಮಾನಿಟರ್ ಜೋಡಿಸಿ, ಇಡೀ ತಂಡವನ್ನು ನಿಲ್ಲಿಸಿ, ರೋಗಿಯ ಸ್ಥಿತಿ ಕೆಡುವಂತೆ ಮಾಡಿ ಅವರು ಏನು ಮಾಡುತ್ತಾರೆ ಎಂದು ನೋಡಿದರು. ಅದಕ್ಕೂ ಮೊದಲು, 1960ರಲ್ಲಿ, ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲಾರ್ಡಾಲ್ ಅರಿವಳಿಕೆ ವೈದ್ಯರ ಸಲಹೆ ಪಡೆದು ಉಸಿರು ಕೊಡುವುದನ್ನು ಕಲಿಸುವ ಗೊಂಬೆ ಮಾಡಿದ್ದರು. ಇವತ್ತಿಗೂ ನರ್ಸಿಂಗ್ ಶಾಲೆಗಳಲ್ಲಿ ಎದೆ ಒತ್ತುವುದನ್ನು ಕಲಿಯುವುದು ಆ ಗೊಂಬೆಯ ವಂಶದವುಗಳ ಮೇಲೆಯೇ.

ಇನ್ನೊಂದು ಕತೆ ನಮ್ಮ ಔರಾದ್‌ಗೆ ಹೆಚ್ಚು ಹತ್ತಿರದ್ದು. 1976ರ ಫೆಬ್ರವರಿಯಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆ ವೈದ್ಯರು ತಮ್ಮ ಸಣ್ಣ ವಿಮಾನದಲ್ಲಿ ಹೆಂಡತಿ ಮಕ್ಕಳೊಂದಿಗೆ ಬರುತ್ತಿದ್ದಾಗ ಅಮೆರಿಕದ ನೆಬ್ರಾಸ್ಕಾ ಪ್ರಾಂತದ ಒಂದು ಹೊಲದಲ್ಲಿ ವಿಮಾನ ಬಿತ್ತು. ಹೆಂಡತಿ ಅಲ್ಲೇ ಸತ್ತರು. ಮಕ್ಕಳಿಗೆ ಭಾರಿ ಪೆಟ್ಟು. ಚಳಿಗಾಲದ ರಾತ್ರಿಯಲ್ಲಿ ಅವರು ರಸ್ತೆಗೆ ಬಂದು ಒಂದು ಕಾರು ನಿಲ್ಲಿಸಿ ಮಕ್ಕಳನ್ನು ಹತ್ತಿರದ ಸಣ್ಣ ಊರಿನ ಆಸ್ಪತ್ರೆಗೆ ಒಯ್ದರು. ಅಲ್ಲಿ ಸಿಕ್ಕ ಚಿಕಿತ್ಸೆಗಿಂತ ತಾನು ಹೊಲದಲ್ಲಿ ಬರಿಗೈಯಲ್ಲಿ ಕೊಟ್ಟ ಆರೈಕೆಯೇ ಮೇಲು ಎಂದು ಅವರಿಗೆ ಅನ್ನಿಸಿತು. ಹಾಗಾದರೆ ಪದ್ಧತಿಯೇ ಸರಿಯಿಲ್ಲ, ಅದನ್ನು ಬದಲಿಸಬೇಕು ಎಂದು ಹೊರಟರು. ಗಾಯಾಳು ಬಂದರೆ ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಚಲನೆ ಎಂಬ ಕ್ರಮವನ್ನು ಕಲಿಸುವ ಎ.ಟಿ.ಎಲ್.ಎಸ್. ತರಬೇತಿ 1978ರಲ್ಲಿ ಅದೇ ನೆಬ್ರಾಸ್ಕಾದ ಒಂದು ಸಣ್ಣ ಪಟ್ಟಣದಲ್ಲಿ ಶುರುವಾಯಿತು. ಈಗ ಅದು ದೇಶದೇಶಗಳಲ್ಲಿ ನಡೆಯುತ್ತದೆ, ಭಾರತದಲ್ಲಿಯೂ ನಡೆಯುತ್ತಿದೆ. ಗಾಯಾಳು ಚಿಕಿತ್ಸೆಯ ಈ ಪಾಠ ಹುಟ್ಟಿದ್ದು ಮಹಾನಗರದ ದೊಡ್ಡ ಆಸ್ಪತ್ರೆಯಲ್ಲಲ್ಲ, ಹೊಲಗದ್ದೆಗಳ ನಡುವಿನ ಊರಿನಲ್ಲಿ. ಇದನ್ನು ನಮ್ಮ ತಾಲ್ಲೂಕುಗಳ ವೈದ್ಯರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಆದರೆ ಕೋರ್ಸಿಗೆ ಹೋಗಿ ಬಂದ ಡಾಕ್ಟರು ಒಬ್ಬರು. ಅವರೊಂದಿಗೆ ರಾತ್ರಿ ನಿಲ್ಲುವ ನರ್ಸು, ವಾರ್ಡ್ ಬಾಯ್ ಆ ಕೋರ್ಸಿಗೆ ಹೋಗಿರುವುದಿಲ್ಲ. ಜಾತ್ರೆಗೆ ಬಯಲಾಟ ಆಡುವವರು ಸಾರಥಿ ಒಬ್ಬನನ್ನೇ ಬೇರೆ ಊರಿಗೆ ಕಳಿಸಿ ಆಟ ಕಲಿಸಿ ತರುತ್ತಾರೆಯೆ? ಪಾತ್ರಧಾರಿ, ಹಿಮ್ಮೇಳ ಎಲ್ಲರೂ ಒಂದೇ ಅಂಗಳದಲ್ಲಿ ಕೂಡಿ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ನಾನು ಕೇಳುತ್ತಿರುವುದೂ ಅದನ್ನೇ. ತಾಲೀಮು ತಂಡಕ್ಕೆ ಆಗಬೇಕು, ಆ ತಂಡ ಕೆಲಸ ಮಾಡುವ ಕೊಠಡಿಯಲ್ಲಿಯೇ ಆಗಬೇಕು.

ಅದು ಹೀಗೆ ನಡೆಯುತ್ತದೆ. ಮಧ್ಯಾಹ್ನ ಜನ ಕಡಿಮೆ ಇರುವ ಹೊತ್ತು. ತುರ್ತು ಕೊಠಡಿಯ ಮಂಚದ ಮೇಲೆ ಗೊಂಬೆ, ಗೊಂಬೆ ಇಲ್ಲದಿದ್ದರೆ ಸಿಬ್ಬಂದಿಯಲ್ಲೇ ಒಬ್ಬರು ಗಾಯಾಳುವಾಗಿ ಮಲಗುತ್ತಾರೆ. ಬಟ್ಟೆಯ ಮೇಲೆ ಕೆಂಪು ಬಣ್ಣದ ನೀರು. ತಾಲೀಮು ನಡೆಸುವವರು ಒಂದು ಹಲಗೆಯ ಮೇಲೆ ನಾಡಿ 130, ರಕ್ತದೊತ್ತಡ 80 ಎಂದು ಬರೆಯುತ್ತಾ, ತಂಡ ಮಾಡಿದ್ದಕ್ಕೆ ತಕ್ಕಂತೆ ಅದನ್ನು ಬದಲಿಸುತ್ತಾ ಹೋಗುತ್ತಾರೆ. ತಂಡದ ಮುಖ್ಯಸ್ಥರು ಮಂಚದ ಕಾಲ ಬಳಿ ನಿಲ್ಲಬೇಕು, ಆದಷ್ಟು ಕೈ ಹಾಕಬಾರದು. ಕೈ ಹಾಕಿದರೆ ಕಣ್ಣು ಒಂದೇ ಗಾಯದ ಮೇಲೆ ಕೂರುತ್ತದೆ. ತಲೆಯ ಬಳಿ ಅರಿವಳಿಕೆ ವೈದ್ಯ. ಒಬ್ಬ ನರ್ಸು ಔಷಧಕ್ಕೆ, ಒಬ್ಬರು ಬರೆದುಕೊಳ್ಳಲಿಕ್ಕೆ. ಬರೆದುಕೊಳ್ಳುವವರ ಕಣ್ಣು ಗಡಿಯಾರದ ಮೇಲಿರಬೇಕು.

ಮೊದಲ ತಾಲೀಮಿನಲ್ಲಿ ಸಾಮಾನ್ಯವಾಗಿ ಕೇಳುವ ಮಾತು: "ಯಾರರೆ ರಕ್ತ ತರ್ರಿ!" ಎಲ್ಲರಿಗೂ ಹೇಳಿದ ಮಾತು ಯಾರಿಗೂ ಹೇಳಿದ್ದಲ್ಲ. ಒಬ್ಬೊಬ್ಬರೂ ಇನ್ನೊಬ್ಬರು ಹೋದರು ಎಂದುಕೊಳ್ಳುತ್ತಾರೆ, ಐದು ನಿಮಿಷ ಕಳೆದರೂ ರಕ್ತ ಬಂದಿರುವುದಿಲ್ಲ. ಮೂರನೆಯ ತಾಲೀಮಿನ ಹೊತ್ತಿಗೆ ಅದು ಹೀಗೆ ಬದಲಾಗಬೇಕು: "ಸಿಸ್ಟರ್, ನೀವು ಬ್ಲಡ್ ಬ್ಯಾಂಕಿಗೆ ಫೋನ್ ಹಚ್ಚಿ ಓ ನೆಗೆಟಿವ್ ಎರಡು ಬಾಟ್ಲಿ ಕೇಳ್ರಿ, ಏನಂದ್ರು ನನಗ ಹೇಳ್ರಿ." ಸಿಸ್ಟರ್ ಮರಳಿ ಹೇಳಬೇಕು: "ಓ ನೆಗೆಟಿವ್ ಎರಡು ಬಾಟ್ಲಿ ಕೇಳ್ತೀನ್ರಿ ಸರ್." ಕೆಲಸ ಆದ ಮೇಲೆ ಆಯಿತು ಎಂದೂ ಹೇಳಬೇಕು. ಹಾಗೆಯೇ ಅರಿವಳಿಕೆ ವೈದ್ಯ ಕೊಳವೆ ಇಳಿಸುವುದರಲ್ಲಿ ಮುಳುಗಿದ್ದಾಗ ತೀರ ಕಿರಿಯ ನರ್ಸ್ ಕೂಡ, "ಸರ್, ಆಕ್ಸಿಜನ್ 82ಕ್ಕ ಇಳದದ್ರಿ, ನಿಲ್ಲಸ್ರಿ, ಮೊದಲು ಮಾಸ್ಕಿಲೆ ಗಾಳಿ ಕೊಡ್ರಿ" ಎನ್ನಬೇಕು. ನಮ್ಮ ಕಡೆ ದೊಡ್ಡವರ ಮುಂದೆ ದನಿ ಎತ್ತುವುದು ಸಲ್ಲದು ಎಂಬ ನಡವಳಿಕೆ ಇದೆ. ಮನೆಯಲ್ಲಿ ಅದು ಚಂದ. ಈ ಮಂಚದ ಬಳಿ ಅದನ್ನು ಬಿಡಬೇಕು, ಮತ್ತು ಬಿಡಿ ಎಂದು ಹಿರಿಯರೇ ಮೊದಲು ಹೇಳಬೇಕು.

ಭಾಷೆಯ ಸಂಗತಿಯೂ ಇದೆ. ನಮ್ಮ ತುರ್ತು ಕೊಠಡಿಯಲ್ಲಿ ಗಾಯಾಳು ಮರಾಠಿಯಲ್ಲಿ ನರಳುತ್ತಾನೆ, ಅಣ್ಣ ದಖನಿಯಲ್ಲಿ ಕೂಗುತ್ತಾನೆ, ಸಿಬ್ಬಂದಿ ಕನ್ನಡದಲ್ಲಿ ಮಾತಾಡುತ್ತಾರೆ, ಡಾಕ್ಟರು ಇಂಗ್ಲಿಷಿನಲ್ಲಿ ಆದೇಶ ಕೊಡುತ್ತಾರೆ. ಬೆಂಗಳೂರಿನ ತರಬೇತಿ ಕೇಂದ್ರದ ಇಂಗ್ಲಿಷ್ ಪಾಠವನ್ನು ಹಾಗೇ ಇಲ್ಲಿ ಒಪ್ಪಿಸಿದರೆ ವಾರ್ಡ್ ಬಾಯ್ ಮೂಲೆಯಲ್ಲೇ ನಿಲ್ಲುತ್ತಾನೆ. ತಾಲೀಮು ಬೀದರ್‌ನವರು ಮಾತಾಡುವ ಹಾಗೆಯೇ ನಡೆಯಬೇಕು.

ತನ್ನದೇ ಕೊಠಡಿಯಲ್ಲಿ ತಾಲೀಮು ಮಾಡಿದಾಗ ಇನ್ನೊಂದು ಲಾಭವಿದೆ. ಆಕ್ಸಿಜನ್ ಸಿಲಿಂಡರ್ ತುಂಬಿದೆ, ಆದರೆ ತಿರುಗಿಸುವ ಕೀಲಿ ಇಲ್ಲ. ರಕ್ತ ಹೀರುವ ಸಕ್ಷನ್ ಯಂತ್ರದ ಪೈಪು ಗಿಡ್ಡ, ಮಂಚಕ್ಕೆ ಮುಟ್ಟುವುದಿಲ್ಲ. ಗಂಟಲು ನೋಡುವ ಲಾರಿಂಗೋಸ್ಕೋಪಿನ ಬಲ್ಬು ಹೋಗಿದೆ. ಔಷಧದ ಕಪಾಟಿನ ಚಾವಿ ಇಟ್ಟುಕೊಂಡವರು ಮನೆಗೆ ಹೋಗಿದ್ದಾರೆ. ಇಂಥವು ಪುಸ್ತಕದಲ್ಲಿ ಸಿಗುವುದಿಲ್ಲ, ದೊಡ್ಡ ಊರಿನ ಸಿಮ್ಯುಲೇಷನ್ ಲ್ಯಾಬಿನಲ್ಲಿಯೂ ಸಿಗುವುದಿಲ್ಲ. ನಿಜವಾದ ಗಾಯಾಳು ಬರುವ ಮೊದಲೇ ಇವು ಕಣ್ಣಿಗೆ ಬಿದ್ದರೆ ಎರಡು ದಿನದಲ್ಲಿ ಸರಿಮಾಡಬಹುದು, ಖರ್ಚೂ ಅಲ್ಪ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಇಂಜೆಕ್ಷನ್ ಇದೆ. 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಿಂದ, ರಕ್ತಸ್ರಾವವಾಗುತ್ತಿರುವವರಿಗೆ ಅದನ್ನು ಬೇಗ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು ಗೊತ್ತಾಯಿತು. ಮೂರು ಗಂಟೆಯೊಳಗೆ ಕೊಡಬೇಕು, ಆಮೇಲೆ ಕೊಟ್ಟರೆ ಉಪಯೋಗವಿಲ್ಲ, ಕೇಡೂ ಆಗಬಹುದು. ಡಾಬಕಾದಿಂದ ಬೀದರ್‌ಗೆ, ಬೀದರ್‌ನಿಂದ ಹೈದರಾಬಾದ್‌ಗೆ ಎಂದು ಓಡಾಡುವುದರಲ್ಲೇ ಆ ಮೂರು ಗಂಟೆ ಮುಗಿಯುತ್ತದೆ. ಅದನ್ನು ಔರಾದ್‌ನಲ್ಲಿಯೇ ಕೊಡಬೇಕು, ಮತ್ತು ಆ ಗದ್ದಲದಲ್ಲಿ ಅದು ನೆನಪಾಗಬೇಕಾದರೆ ಮೊದಲೇ ಅಭ್ಯಾಸ ಆಗಿರಬೇಕು.

ತಾಲೀಮು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಅದರ ನಂತರ ಕೂತು ಮಾತಾಡಲು ಅರ್ಧ ಗಂಟೆ ಬೇಕು. ಕಲಿಕೆ ಆಗುವುದು ಅಲ್ಲಿ. ಏನು ಚೆನ್ನಾಗಿ ಆಯಿತು, ಎಲ್ಲಿ ಹೊತ್ತು ಹೋಯಿತು, ಆಗ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಒಬ್ಬೊಬ್ಬರನ್ನೂ ಕೇಳಬೇಕು. ಆಯಾ ಬಾಯಿ ಹೇಳಿದ್ದನ್ನೂ ಬರೆದುಕೊಳ್ಳಬೇಕು. ಅಲ್ಲಿ ಆದ ತಪ್ಪಿಗೆ ನೋಟಿಸ್ ಕೊಡುವುದು, ನಾಲ್ಕು ಜನರ ಮುಂದೆ ಬೈಯುವುದು ನಡೆದರೆ ಮುಂದಿನ ತಿಂಗಳು ಯಾರೂ ಬಾಯಿ ಬಿಡುವುದಿಲ್ಲ, ಇಡೀ ಪ್ರಯತ್ನ ಹಾಳಾಗುತ್ತದೆ.

ದುಡ್ಡಿನ ಮಾತು. ಕಣ್ಣು ಮಿಟುಕಿಸುವ, ಬೆವರುವ ಗೊಂಬೆಗಳಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು. ವೈದ್ಯಕೀಯ ಕಾಲೇಜುಗಳಲ್ಲಿ ಕೌಶಲ ತರಬೇತಿಯ ಲ್ಯಾಬು ಇರಲೇಬೇಕೆಂಬ ನಿಯಮ ಈಗ ಇದೆ, ಅದು ಒಳ್ಳೆಯದು. ಆದರೆ ಗೊಂಬೆ ಕೊಂಡು ಬೀಗ ಹಾಕಿಟ್ಟರೆ ಪ್ರಯೋಜನವಿಲ್ಲ. ತಂಡದ ಮಾತು, ಪಾತ್ರ, ಕ್ರಮ ಇವನ್ನು ಕಲಿಯಲು ಸಾದಾ ಗೊಂಬೆ ಸಾಕು, ಇಲ್ಲದಿದ್ದರೆ ಮಲಗಲು ಒಪ್ಪಿದ ಒಬ್ಬ ಮನುಷ್ಯ ಸಾಕು. ಬೇಕಾದದ್ದು ತಿಂಗಳಿಗೆ ಒಂದು ಗಂಟೆ ಮತ್ತು ಅದನ್ನು ನಡೆಸಿಕೊಡುವ ಒಬ್ಬ ಅರಿವಳಿಕೆ ವೈದ್ಯ. ಬೀದರ್‌ನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು, ನಮ್ಮ ಬ್ರಿಮ್ಸ್, ಇದೆ. ಅಲ್ಲಿಯ ಅರಿವಳಿಕೆ ವಿಭಾಗದವರು ತಿಂಗಳಿಗೊಮ್ಮೆ ಔರಾದ್‌ಗೆ, ಭಾಲ್ಕಿಗೆ ಹೋಗಿ ಅಲ್ಲಿಯ ಸಿಬ್ಬಂದಿಯೊಂದಿಗೆ ತಾಲೀಮು ನಡೆಸುವ ವ್ಯವಸ್ಥೆ ಆಗಬೇಕು ಎಂಬುದು ನನ್ನ ಬೇಡಿಕೆ. 108ರ ಸಿಬ್ಬಂದಿಯನ್ನೂ ಅದರಲ್ಲಿ ಸೇರಿಸಬೇಕು, ಏಕೆಂದರೆ ಗಾಯಾಳುವನ್ನು ಒಪ್ಪಿಸುವ ಆ ಅರ್ಧ ನಿಮಿಷದಲ್ಲಿ ಎಷ್ಟೋ ಮಾತು ಕಳೆದುಹೋಗುತ್ತದೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ತಾಲೀಮಿನಿಂದ ಇವರೆಲ್ಲ ಉಳಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಎಷ್ಟೋ ಜನ ರಸ್ತೆಯಲ್ಲೇ ಪ್ರಾಣ ಬಿಟ್ಟಿರುತ್ತಾರೆ. ಹೆಲ್ಮೆಟ್ಟು, ಟ್ರಾಲಿಯ ಹಿಂದೆ ಕೆಂಪು ಪಟ್ಟಿ ಇವು ಯಾವ ಡಾಕ್ಟರಿಗಿಂತಲೂ ಹೆಚ್ಚು ಜೀವ ಉಳಿಸುತ್ತವೆ. ಆದರೆ ಆಸ್ಪತ್ರೆಯ ಬಾಗಿಲಿನ ತನಕ ಉಸಿರು ಹಿಡಿದುಕೊಂಡು ಬಂದವರನ್ನು ನಾವು ಗೊಂದಲದಿಂದ ಕಳೆದುಕೊಳ್ಳಬಾರದು.

ಕೇಳುತ್ತಿರುವ ನಿಮಗೂ ಈ ತಂಡದಲ್ಲಿ ಜಾಗವಿದೆ. ಗಾಯಾಳುವಿಗೆ ನೀರು, ಚಹಾ, ಸೋಡಾ ಏನನ್ನೂ ಕುಡಿಸಬೇಡಿ. ಕುತ್ತಿಗೆ ಎಳೆಯಬೇಡಿ. ಸುರಿಯುವ ರಕ್ತಕ್ಕೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ. ಅಪಘಾತ ಎಷ್ಟು ಗಂಟೆಗೆ ಆಯಿತು, ಕೊನೆಯ ಊಟ ಯಾವಾಗ, ಯಾವ ಗುಳಿಗೆ ನುಂಗುತ್ತಿದ್ದರು ಎಂಬುದನ್ನು ಆಸ್ಪತ್ರೆಯಲ್ಲಿ ಹೇಳಿ. ಹೇಳುವವರು ಒಬ್ಬರೇ ಇರಲಿ, ಉಳಿದವರು ಹೊರಗೆ ನಿಲ್ಲಿ. ಗಾಯಾಳುವನ್ನು ಕರೆತಂದವರಿಗೆ ಪೊಲೀಸರ ಕಿರುಕುಳ ಇರಬಾರದೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಂ ರಕ್ಷಣೆ ಕೊಟ್ಟಿದೆ. ಹೆಸರು ಹೇಳಬೇಕೆಂಬ ಒತ್ತಾಯವೂ ಇಲ್ಲ.

ಕೊನೆಯದಾಗಿ ಒಂದು ವಿನಂತಿ. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಎಂದು ಇದೆ, ಅದರಲ್ಲಿ ಊರಿನವರೂ ಇರುತ್ತಾರೆ. ಔರಾದ್, ಭಾಲ್ಕಿ, ಬೀದರ್ ಕಡೆಯ ಸದಸ್ಯರು ಯಾರಾದರೂ ಈ ಮಾತು ಕೇಳುತ್ತಿದ್ದರೆ, ಮುಂದಿನ ಸಭೆಯಲ್ಲಿ ಕಟ್ಟಡ ಮತ್ತು ಸುಣ್ಣಬಣ್ಣದ ವಿಷಯ ಬರುವ ಮೊದಲು ಒಂದು ಪ್ರಶ್ನೆ ಕೇಳಿರಿ: ನಮ್ಮ ಆಸ್ಪತ್ರೆಯ ಡಾಕ್ಟರು, ನರ್ಸು, ವಾರ್ಡ್ ಬಾಯ್ ಒಟ್ಟಿಗೆ ನಿಂತು ಗಾಯಾಳು ತಾಲೀಮು ಕೊನೆಯ ಸಲ ಮಾಡಿದ್ದು ಯಾವಾಗ? ಮಾಡಿಲ್ಲ ಎಂದರೆ, ಮುಂದಿನ ತಿಂಗಳ ಒಂದು ದಿನವನ್ನು ಅದೇ ಸಭೆಯಲ್ಲಿ ಗೊತ್ತುಮಾಡಿ ಎದ್ದು ಬನ್ನಿರಿ.